ಹಳೆಯ ಮನೆಗಳಿಗೆ ವಿಮೆ: ಪರಿಶೀಲನೆ, ದಾಖಲೆ ಮತ್ತು ಗ್ರಾಮ ಪಂಚಾಯತಿಯ ಪಾತ್ರ

ಭೀಮರಾಯನಗುಡಿಯ ಸುತ್ತಲಿನ ಶಹಾಪುರ ಹಾಗೂ ಸುರಪುರ ಭಾಗದ ಗ್ರಾಮಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು, ಕಲ್ಲಿನ ಗೋಡೆಯ ಮೇಲೆ ಪರಸಿ ಹೊದಿಸಿದ ಮನೆಗಳು ಹಾಗೂ ತಗಡಿನ ಮನೆಗಳು ಇಂದಿಗೂ ಜನರ ವಾಸಸ್ಥಾನಗಳಾಗಿವೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿಯ ಪ್ರವಾಹ ಮತ್ತು 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹ ಜಿಲ್ಲೆಯನ್ನು ಬಾಧಿಸಿದವು. ಮನೆ ಬಿದ್ದ ಕುಟುಂಬವು ಮೊದಲು ಬರುವುದು ಗ್ರಾಮ ಪಂಚಾಯತಿ ಸದಸ್ಯರ ಬಳಿಗೆ. ಆದುದರಿಂದ ಸರ್ಕಾರಿ ಪರಿಹಾರಕ್ಕೂ ಗೃಹ ವಿಮೆಗೂ ಇರುವ ವ್ಯತ್ಯಾಸವನ್ನು ಸದಸ್ಯರು ಮುಂಚಿತವಾಗಿ ಅರಿತಿರುವುದು ಅವಶ್ಯಕ.

ಪರಿಹಾರ ಬೇರೆ, ವಿಮೆ ಬೇರೆ

ರಾಜ್ಯ ವಿಪತ್ತು ಸ್ಪಂದನಾ ನಿಧಿಯ 2022ರ ಮಾನದಂಡಗಳಂತೆ, ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಗೊಂಡ ಮನೆಗೆ ರೂ. 1,20,000, ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ ರೂ. 6,500 ಹಾಗೂ ಕಚ್ಚಾ ಮನೆಗೆ ರೂ. 4,000 ನಿಗದಿಯಾಗಿದೆ. ಕೆಲವು ವರ್ಷ ರಾಜ್ಯ ಸರ್ಕಾರವು ಹೆಚ್ಚುವರಿ ಮೊತ್ತ ಸೇರಿಸಿದ್ದುಂಟು. 2019ರಲ್ಲಿ ಪೂರ್ಣ ಹಾನಿಯಾದ ಮನೆಗೆ ರೂ. 5 ಲಕ್ಷ ಘೋಷಿಸಲಾಗಿತ್ತು. ಆದರೆ ಇದು ಆಯಾ ವರ್ಷದ ಆದೇಶವನ್ನು ಅವಲಂಬಿಸಿದೆ. ವಿಮೆಯಾದರೋ ಮನೆಯ ಮಾಲೀಕರು ಕಂತು ಕಟ್ಟಿ ಪಡೆದ ಒಪ್ಪಂದ. ಅದರ ಷರತ್ತುಗಳು ಬರವಣಿಗೆಯಲ್ಲಿರುತ್ತವೆ.

ಭಾರತ್ ಗೃಹ ರಕ್ಷಾ

ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಭೂಕುಸಿತ ಮುಂತಾದ ಅವಘಡಗಳಿಂದಾಗುವ ಹಾನಿಗೆ ಇದು ಅನ್ವಯಿಸುತ್ತದೆ. ಮನೆಯ ವಿಸ್ತೀರ್ಣ ಮತ್ತು ನಿರ್ಮಾಣ ವೆಚ್ಚದ ಮೇಲೆ ವಿಮಾ ಮೊತ್ತ ನಿರ್ಧಾರವಾಗುತ್ತದೆ. ನಿವೇಶನದ ಬೆಲೆ ಸೇರುವುದಿಲ್ಲ. ಉದಾಹರಣೆಗೆ, 500 ಚದರ ಅಡಿ ಮನೆಗೆ ಪ್ರತಿ ಚದರ ಅಡಿಗೆ ರೂ. 1,200ರಂತೆ ಲೆಕ್ಕ ಹಾಕಿದರೆ ವಿಮಾ ಮೊತ್ತ ರೂ. 6 ಲಕ್ಷವಾಗುತ್ತದೆ. ಮನೆಯೊಳಗಿನ ಸಾಮಗ್ರಿಗಳಿಗೆ ಈ ಮೊತ್ತದ ಶೇ. 20ರಷ್ಟು, ಅಂದರೆ ರೂ. 1,20,000 ರಕ್ಷಣೆ ತಾನಾಗಿಯೇ ದೊರೆಯುತ್ತದೆ. ಇದರ ಗರಿಷ್ಠ ಮಿತಿ ರೂ. 10 ಲಕ್ಷ. ಪಾಲಿಸಿಯನ್ನು 10 ವರ್ಷಗಳವರೆಗೆ ಒಮ್ಮೆಗೇ ಪಡೆಯಬಹುದು.

ಹಳೆಯ ಮನೆಗೆ ಪರಿಶೀಲನೆ ಏಕೆ?

ಭಾಗಶಃ ಹಾನಿಯಾದಾಗ ಮನೆಯನ್ನು ಹಾನಿಗೆ ಮುಂಚಿನ ಸ್ಥಿತಿಗೆ ತರುವ ವೆಚ್ಚವನ್ನು ಕಂಪನಿ ಭರಿಸುತ್ತದೆ. ಹೀಗಾಗಿ ಮುಂಚಿನ ಸ್ಥಿತಿ ಏನಿತ್ತು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಗೋಡೆ ಯಾವುದರದು, ಛಾವಣಿ ಯಾವುದರದು, ಮನೆಗೆ ಎಷ್ಟು ವರ್ಷವಾಗಿದೆ ಎಂದು ಕಂಪನಿಯು ಕೇಳುವುದು ಇದಕ್ಕಾಗಿಯೇ. ಹುಲ್ಲು, ಗರಿ, ಬಿದಿರು, ಹಲಗೆ, ತಾಡಪಾಲು ಮುಂತಾದವುಗಳ ಗೋಡೆ ಅಥವಾ ಛಾವಣಿಯುಳ್ಳ ಮನೆಯನ್ನು ವಿಮೆಯಲ್ಲಿ ಕಚ್ಚಾ ಕಟ್ಟಡವೆಂದು ಪರಿಗಣಿಸಲಾಗುತ್ತದೆ. ಇಂತಹ ವಿವರವನ್ನು ಮುಚ್ಚಿಟ್ಟು ಪಾಲಿಸಿ ಪಡೆದರೆ, ಹಾನಿಯ ಸಮಯದಲ್ಲಿ ಕ್ಲೇಮು ತಿರಸ್ಕೃತವಾಗುವ ಸಂಭವವಿದೆ. ಪರಿಶೀಲನೆಯ ಈ ಕ್ರಮ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಹಳೆಯ ಮನೆಗಳಿಗೆ ಛಾವಣಿ, ವಿದ್ಯುತ್ ಜೋಡಣೆ, ನೀರಿನ ಕೊಳವೆ ಮತ್ತು ಹವಾನಿಯಂತ್ರಣ ವ್ಯವಸ್ಥೆಗಳ ತಪಾಸಣಾ ವರದಿಯನ್ನು ವಿಮಾ ಕಂಪನಿಗಳು ಕೇಳುತ್ತವೆ.

ಪಾಲಿಸಿಯಲ್ಲಿ ಹೆಸರಿಸಿದ ಅವಘಡದಿಂದಾದ ಹಾನಿಗೆ ಮಾತ್ರ ಹಣ ದೊರೆಯುತ್ತದೆ. ಗೆದ್ದಲು ತಿಂದ ಜಂತಿ, ವರ್ಷಗಟ್ಟಲೆ ಸೋರಿ ಸಡಿಲಗೊಂಡ ಗೋಡೆ ತಾವಾಗಿಯೇ ಕುಸಿದರೆ ಅದು ಅವಘಡವೆನಿಸುವುದಿಲ್ಲ. ದೋಷಪೂರಿತ ಕಾಮಗಾರಿ ಅಥವಾ ಸಾಮಗ್ರಿಯಿಂದ ನೆಲ ಕುಸಿದು ಉಂಟಾದ ಹಾನಿಗೂ ರಕ್ಷಣೆಯಿಲ್ಲ. ಎರೆ ಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಈ ಭಾಗದ ಗೋಡೆಗಳಲ್ಲಿ ಬಿರುಕು ಸಾಮಾನ್ಯ. ಅಂತಹ ಬಿರುಕನ್ನು ಆಗಲೇ ದುರಸ್ತಿ ಮಾಡಿಸುವುದು ಮಾಲೀಕರ ಹೊಣೆ.

ದುರಸ್ತಿಯು ವಿಮೆಗಷ್ಟೇ ಅಲ್ಲ, ಜೀವರಕ್ಷಣೆಗೂ ಸಂಬಂಧಿಸಿದ್ದು. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನ ಮೃತಪಟ್ಟರು. ಕಲ್ಲು-ಮಣ್ಣಿನ ಗೋಡೆಗಳ ಮೇಲಿದ್ದ ಭಾರವಾದ ಮಣ್ಣಿನ ಮಾಳಿಗೆಗಳು ಕುಸಿದದ್ದು ಇದಕ್ಕೆ ಪ್ರಮುಖ ಕಾರಣ. ಸೋರಿಕೆ ತಡೆಯಲು ಪ್ರತಿ ವರ್ಷ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುತ್ತ ಹೋದರೆ ಭಾರ ಹೆಚ್ಚುತ್ತದೆ. ಹಳೆಯ ಮಣ್ಣನ್ನು ತೆಗೆದು ಹೊಸದನ್ನು ಹಾಕುವುದು ಕ್ಷೇಮ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಮನೆಯ ದಾಖಲೆಯು ಇ-ಸ್ವತ್ತು ತಂತ್ರಾಂಶದಲ್ಲಿ ಹಾಲಿ ಮಾಲೀಕರ ಹೆಸರಿನಲ್ಲಿದೆಯೇ ಎಂದು ನೋಡಿಕೊಳ್ಳಲು ತಿಳಿಸುವುದು. ಮೃತಪಟ್ಟ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದ ಮನೆಗೆ ಪರಿಹಾರವಾಗಲಿ, ವಿಮಾ ಹಣವಾಗಲಿ ಪಡೆಯುವಾಗ ತೊಡಕು ಉಂಟಾಗುತ್ತದೆ.

2. ಮುಂಗಾರಿಗೆ ಮುನ್ನ ಗೋಡೆ, ಛಾವಣಿ ಮತ್ತು ಸಾಮಗ್ರಿಗಳ ದಿನಾಂಕಸಹಿತ ಛಾಯಾಚಿತ್ರ ತೆಗೆದಿಡಲು ಸೂಚಿಸುವುದು.

3. ಅಪಾಯದ ಸ್ಥಿತಿಯಲ್ಲಿರುವ ಮನೆಗಳನ್ನು ಪಟ್ಟಿ ಮಾಡಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಗಮನಕ್ಕೆ ತರುವುದು. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿಗಳನ್ನು ಸ್ವಚ್ಛಗೊಳಿಸುವುದು.

4. ಹಾನಿಯಾದ ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೂ ವಿಮಾ ಕಂಪನಿಗೂ ಪ್ರತ್ಯೇಕವಾಗಿ ತಿಳಿಸಲು ಹೇಳುವುದು. ಒಬ್ಬರಿಗೆ ತಿಳಿಸಿದರೆ ಇನ್ನೊಬ್ಬರಿಗೆ ತಿಳಿಸಿದಂತಾಗುವುದಿಲ್ಲ. ಛಾಯಾಚಿತ್ರ ತೆಗೆಯದೆ ಅವಶೇಷಗಳನ್ನು ತೆರವುಗೊಳಿಸಬಾರದು.

5. ಕ್ಲೇಮು ತಿರಸ್ಕೃತವಾದಲ್ಲಿ ಮೊದಲು ಕಂಪನಿಗೆ ಲಿಖಿತ ದೂರು ನೀಡಿ, ನ್ಯಾಯ ದೊರೆಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಮೊರೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ.

ಗೃಹ ವಿಮೆಯನ್ನು ಕಾನೂನು ಕಡ್ಡಾಯಗೊಳಿಸಿಲ್ಲ. ಸದಸ್ಯರು ಯಾರನ್ನೂ ಒತ್ತಾಯಿಸಬೇಕಾಗಿಲ್ಲ. ಆದರೆ ಈ ವಿಷಯಗಳನ್ನು ಮಳೆಗಾಲಕ್ಕೆ ಮುನ್ನವೇ ಗ್ರಾಮಸಭೆಯಲ್ಲಿ ಓದಿ ಹೇಳಿದಲ್ಲಿ, ಮನೆ ಕಳೆದುಕೊಂಡ ಕುಟುಂಬವು ದಾಖಲೆಯ ಕೊರತೆಯಿಂದ ತನ್ನ ಹಕ್ಕನ್ನೂ ಕಳೆದುಕೊಳ್ಳುವುದು ತಪ್ಪುತ್ತದೆ.