ಆಟದ ರೋಬೋಟೂ ವಿಜ್ಞಾನದ ಪಾಠವೂ

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಯಾವ ತ್ಯಾಗಕ್ಕೂ ಹಿಂಜರಿಯುವವರಲ್ಲ. ಆದರೆ ಶುಲ್ಕ ತೆತ್ತ ಮಾತ್ರಕ್ಕೆ ವಿಜ್ಞಾನದಲ್ಲಿ ಆಸ್ಥೆ ಹುಟ್ಟದು. ವೃತ್ತಪರಿಧಿಯ ಸೂತ್ರವನ್ನು ತಪ್ಪಿಲ್ಲದೆ ಒಪ್ಪಿಸುವ ಬಾಲಕನನ್ನು ಅದರ ಉಪಯೋಗವೇನೆಂದು ಕೇಳಿದರೆ, ಪರೀಕ್ಷೆಗೆಂಬ ಉತ್ತರವೇ ಬರುವುದು. ಈ ಕೊರತೆಯನ್ನು ನೀಗಲು ಆಟದ ರೋಬೋಟುಗಳು ನೆರವಾಗಬಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ರೋಬೋಟೆಂದೊಡನೆ ಮನುಷ್ಯಾಕೃತಿಯನ್ನು ಕಲ್ಪಿಸಬೇಕಾಗಿಲ್ಲ. ಎರಡು ಚಕ್ರ, ಎರಡು ಮೋಟಾರು, ಒಂದು ಸಣ್ಣ ಗಣಕ, ಬೆಳಕನ್ನು ಗುರುತಿಸುವ ಒಂದೆರಡು ಸೆನ್ಸರು, ಇಷ್ಟುಳ್ಳ ಪುಟ್ಟ ಗಾಡಿ ಸಾಕು. ಬಿಳಿ ಹಾಳೆಯ ಮೇಲಿನ ಕಪ್ಪುಗೆರೆಯನ್ನು ಬಿಡದೆ ಅದು ಗುರಿ ಮುಟ್ಟಬೇಕೆಂಬುದೇ ಆಟ. ಬಿಳಿ ಬಣ್ಣ ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪು ಹೀರಿಕೊಳ್ಳುತ್ತದೆ. ಈ ವ್ಯತ್ಯಾಸವನ್ನನುಸರಿಸಿ ಗಾಡಿ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಚಕ್ರದ ವ್ಯಾಸ 6.5 ಸೆಂಟಿಮೀಟರಾದರೆ ಒಂದು ಸುತ್ತಿಗೆ ಸುಮಾರು 20.4 ಸೆಂಟಿಮೀಟರು ಸಾಗುವುದು. ಒಂದು ಮೀಟರಿಗೆ ಐದಕ್ಕೆ ತುಸು ಕಡಿಮೆ ಸುತ್ತು. ಬಾಯಿಪಾಠದ ಸೂತ್ರ ಇಲ್ಲಿ ಕೆಲಸಕ್ಕೆ ಬಂದಿತಷ್ಟೆ! ಲೆಕ್ಕ ತಪ್ಪಿದರೆ ಯಂತ್ರ ಗದರಿಸದು, ಅಂಕ ಕಳೆಯದು. ಗುರಿ ದಾಟಿ ಹೋಗುವುದು. ವಿದ್ಯಾರ್ಥಿ ತಿದ್ದಿ ಮತ್ತೆ ಓಡಿಸುತ್ತಾನೆ. ಹೀಗೆ ತಿದ್ದಿಕೊಳ್ಳುವುದೇ ವಿಜ್ಞಾನದ ಮಾರ್ಗ.

ಇದು ನಿನ್ನೆಯ ಹುರುಪಲ್ಲ. ಅಮೆರಿಕದ ಸೀಮರ್ ಪ್ಯಾಪರ್ಟರೂ ಅವರ ಸಹೋದ್ಯೋಗಿಗಳೂ 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಗಣಕಭಾಷೆಯನ್ನು ರೂಪಿಸಿದರು. ಮುಂದೆ ನೆಲದ ಮೇಲೆ ಹರಿದಾಡುವ 'ಆಮೆ' ಯಂತ್ರದಿಂದ ಮಕ್ಕಳು ರೇಖಾಗಣಿತ ಕಲಿತರು. ನಮ್ಮ ನೆರೆಯ ಪವಾಯಿಯ ಐ.ಐ.ಟಿ.ಯು 'ಇ-ಯಂತ್ರ' ಯೋಜನೆಯ ಮೂಲಕ ಕಾಲೇಜು ವಿದ್ಯಾರ್ಥಿಗಳಿಗೆ ರೋಬೋಟ್ ಸ್ಪರ್ಧೆಗಳನ್ನೇರ್ಪಡಿಸಿದೆ. ಶಾಲೆಗಳಿಗೆಂದು 2016ರಲ್ಲಿ ನೀತಿ ಆಯೋಗದ ಆಶ್ರಯದಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆಯಲ್ಲಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗಿನ ಅನುದಾನವನ್ನು ಗೊತ್ತುಪಡಿಸಲಾಯಿತು.

ಆದರೆ ಉಪಕರಣ ಬಂದಲ್ಲಿಗೆ ವಿದ್ಯೆ ಬಂದಂತಾಗದು. ಗಾಜಿನ ಕಪಾಟಿನಲ್ಲಿ ಬೀಗ ಹಾಕಿದ ಯಂತ್ರ ಅತಿಥಿಗಳಿಗೆ ತೋರಿಸಲಷ್ಟೇ ಯೋಗ್ಯ. ಚುರುಕಾದ ಒಬ್ಬನೇ ಅದನ್ನು ಹಿಡಿದು, ಉಳಿದವರು ಸುತ್ತ ನಿಂತು ನೋಡುವುದೂ ಸರಿಯಲ್ಲ. ಹೋಟೆಲು ನಡೆಸಿದ ವರ್ಷಗಳಲ್ಲಿ, ದೋಸೆಯ ಕಾವಲಿಯ ಹದವನ್ನು ಬರಿದೇ ನೋಡಿ ಕಲಿತವರನ್ನು ನಾವು ಕಾಣಲಿಲ್ಲ. ಆದುದರಿಂದ ನಾಲ್ವರ ತಂಡ ಮಾಡಿ, ಜೋಡಿಸುವ, ಲೆಕ್ಕ ಹಾಕುವ, ಆಜ್ಞೆ ಬರೆಯುವ, ಫಲಿತಾಂಶ ಗುರುತಿಸುವ ಕೆಲಸಗಳನ್ನು ಸರದಿಯಂತೆ ಹಂಚಬೇಕು. ಹುಡುಗಿಯರಿಗೆ ಬರೆಯುವ ಕೆಲಸ, ಹುಡುಗರಿಗೆ ಯಂತ್ರವೆಂಬ ಭೇದ ಕೂಡದು. ಆಟ ಮುಗಿದ ಮೇಲೆ, ಹೀಗೇಕಾಯಿತೆಂದು ಕೇಳುವ ಅಧ್ಯಾಪಕರಂತೂ ಅವಶ್ಯ.

ಹಗಲು ಹೋಟೆಲುಗಳಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರಿಗೆ ಕರಿಹಲಗೆಯೇ ಪ್ರಯೋಗಶಾಲೆಯಾಗಿತ್ತು. ಅವರ ಮೊಮ್ಮಕ್ಕಳಿಗೆ ಇಷ್ಟಾದರೂ ದೊರೆಯಬೇಡವೆ? ನಮ್ಮ ಸಂಘಗಳು ವಾರ್ಷಿಕೋತ್ಸವದ ವೆಚ್ಚದಲ್ಲಿ ಒಂದಂಶವನ್ನು ಉಳಿಸಿ, ಭಾನುವಾರದ ಅಪರಾಹ್ನ ಸಭಾಗೃಹದಲ್ಲಿ ಒಂದು ಮೇಜನ್ನೂ ನಾಲ್ಕಾರು ಗಾಡಿಗಳನ್ನೂ ಇಡಬಹುದು. ನಮ್ಮ ತರುಣ ಇಂಜಿನಿಯರರು ಎರಡು ಗಂಟೆಗಳನ್ನು ಕೊಟ್ಟರೆ ವಿವರಣೆ ಕನ್ನಡದಲ್ಲೇ ನಡೆದೀತು. ಸಂಘಗಳ ಕಾರ್ಯಕರ್ತರು ಈ ಕಡೆ ಲಕ್ಷ್ಯವಿಡುವರೆಂದು ಆಶಿಸುತ್ತೇವೆ.