ಬಿರುಕುಬಿಟ್ಟ ನೆಲದಲ್ಲಿ ಜೀವದ ಕುರುಹು

ಅನ್ಯಗ್ರಹಗಳಲ್ಲಿ ಜೀವವಿದೆಯೇ ಎಂಬ ಹುಡುಕಾಟವು ಇಂದು ಬಹುಮಟ್ಟಿಗೆ ಮಣ್ಣಿನ ಹುಡುಕಾಟವಾಗಿದೆ. ಅದರಲ್ಲೂ ನೀರು ಕುಡಿದು ಉಬ್ಬುವ, ಒಣಗಿದಾಗ ಬಿರಿಯುವ ಜೇಡಿಮಣ್ಣಿನ ಹುಡುಕಾಟ. ಹುಬ್ಬಳ್ಳಿ ತಾಲ್ಲೂಕಿನ ಶಿರಗುಪ್ಪಿಯಂತಹ ಎರೆಭೂಮಿಯ ಊರಿನವರಿಗೆ ಈ ಮಣ್ಣಿನ ಗುಣವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಕಡಲೆ, ಹತ್ತಿ, ಹಿಂಗಾರಿ ಜೋಳ ಕೊಟ್ಟು ಬರಿದಾದ ಹೊಲದಲ್ಲಿ ಬೇಸಗೆಯ ಹೊತ್ತಿಗೆ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಾಯಿಬಿಡುತ್ತವೆ. ಮಳೆ ಹಿಡಿದರೆ ಅವೇ ಬಿರುಕುಗಳು ನೀರು ನುಂಗಿ ಮುಚ್ಚಿಕೊಂಡು, ಹೊಲಕ್ಕೆ ಇಳಿದವರ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಇದಕ್ಕೆ ಕಾರಣ ಸ್ಮೆಕ್ಟೈಟ್ ಎಂಬ ಗುಂಪಿನ ಜೇಡಿಖನಿಜ. ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಇರುವ ಅದರ ಅತಿ ತೆಳುವಾದ ಪದರಗಳ ನಡುವೆ ನೀರು ಹೊಕ್ಕಾಗ ಖನಿಜ ಉಬ್ಬುತ್ತದೆ, ನೀರು ಹೊರಟಾಗ ಕುಗ್ಗುತ್ತದೆ. ಈ ಪದರಗಳು ನೀರನ್ನಷ್ಟೇ ಹಿಡಿದಿಡುವುದಿಲ್ಲ. ಜೀವಿಗಳು ಸತ್ತು ಕೊಳೆತಾಗ ಉಳಿಯುವ ಇಂಗಾಲದ ಸಂಯುಕ್ತಗಳನ್ನು, ಅಂದರೆ ಸಾವಯವ ಅಣುಗಳನ್ನು, ಬಿಗಿಯಾಗಿ ಅಪ್ಪಿಕೊಂಡು ಕಾಪಾಡುತ್ತವೆ. ಎರೆಮಣ್ಣಿನ ಕಪ್ಪು ಬಣ್ಣವನ್ನು ಕಂಡು ಅದರಲ್ಲಿ ಸಾವಯವ ಅಂಶ ಹೇರಳವಾಗಿದೆ ಎಂದು ತಿಳಿಯುವುದು ತಪ್ಪು. ಇರುವುದು ಸ್ವಲ್ಪವೇ ಆದರೂ ಜೇಡಿಯೊಡನೆ ಬೆಸೆದುಕೊಂಡಿರುವುದರಿಂದ ಬಣ್ಣ ಅಷ್ಟು ಗಾಢವಾಗಿ ಕಾಣುತ್ತದೆ.

2012ರ ಆಗಸ್ಟ್‌ನಲ್ಲಿ ಮಂಗಳನ ಗೇಲ್ ಎಂಬ ಬೃಹತ್ ಕುಳಿಯಲ್ಲಿ ಇಳಿದ ನಾಸಾ ಸಂಸ್ಥೆಯ ಕ್ಯೂರಿಯಾಸಿಟಿ ರೋವರ್ ಮರುವರ್ಷ ಅಲ್ಲಿನ ಕೆಸರುಗಲ್ಲನ್ನು, ಎಂದರೆ ಕೆರೆಯ ತಳದ ಕೆಸರು ಗಟ್ಟಿಯಾಗಿ ಕಲ್ಲಾದದ್ದನ್ನು, ಕೊರೆದಾಗ ದೊರೆತದ್ದು ಈ ಸ್ಮೆಕ್ಟೈಟ್ ಗುಂಪಿನ ಜೇಡಿಯೇ; ಅದು ಆ ಕಲ್ಲಿನ ಸುಮಾರು ಐದನೇ ಒಂದು ಭಾಗದಷ್ಟಿತ್ತು. ಅದೇ ಕುಳಿಯಲ್ಲಿ ಜೇನುಗೂಡಿನ ಕಣ್ಣುಗಳಂತೆ ಆರು ಮೂಲೆಗಳಾಗಿ ಜೋಡಣೆಗೊಂಡ ಬಿರುಕಿನ ಗುರುತುಗಳೂ ಕಲ್ಲಿನಲ್ಲಿ ಸಿಕ್ಕಿದುವೆಂದು 2023ರಲ್ಲಿ ವರದಿಯಾಯಿತು. ಒಮ್ಮೆ ಒಣಗಿದ ಕೆಸರಿನ ಬಿರುಕುಗಳು ಸಾಮಾನ್ಯವಾಗಿ ನೇರ ಮೂಲೆಗಳಲ್ಲಿ ಕೂಡುತ್ತವೆ. ನೆನೆದು ಒಣಗಿ, ಮತ್ತೆ ನೆನೆದು ಮತ್ತೆ ಒಣಗಿದರೆ ಮಾತ್ರ ಅವು ತಿದ್ದಿಕೊಳ್ಳುತ್ತ ಆರು ಮೂಲೆಯ ರೂಪಕ್ಕೆ ಬರುತ್ತವೆ. ಮಂಗಳನಲ್ಲಿಯೂ ಒಂದು ಕಾಲದಲ್ಲಿ ಮಳೆಗಾಲ ಬೇಸಗೆಗಳಂತಹ ಸರದಿ ಇದ್ದಿತೆಂಬುದಕ್ಕೆ ಇದು ಸಾಕ್ಷಿ. ಆದರೆ ಜೀವಕ್ಕೆ ಅನುಕೂಲವಾದ ನೆಲ ಇದ್ದಿತೆಂಬ ಮಾತು ಬೇರೆ, ಅಲ್ಲಿ ಜೀವ ಇದ್ದಿತೆಂಬ ಮಾತು ಬೇರೆ. ಈ ಎರಡರ ನಡುವಿನ ದೂರವನ್ನು ದಾಟುವುದೇ ಈ ಶಾಸ್ತ್ರದ ಕಷ್ಟ.

ಎರೆಹೊಲದಲ್ಲಿ ಈ ದೂರ ಇಲ್ಲವೇ ಇಲ್ಲ. ಕಾದ ನೆಲದ ಮೇಲೆ ಅಡ್ಡಮಳೆಯ ಮೊದಲ ಹನಿಗಳು ಬಿದ್ದಾಗ ಏಳುವ ಮಣ್ಣಿನ ವಾಸನೆಯೇ ಸೂಕ್ಷ್ಮಜೀವಿಗಳ ಕುರುಹು. ಸ್ಟ್ರೆಪ್ಟೋಮೈಸಿಸ್ ಮೊದಲಾದ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಅದಕ್ಕೆ ಮುಖ್ಯ ಕಾರಣವಾಗಿದ್ದು, ಲಕ್ಷ ಕೋಟಿ ಕಣಗಳಲ್ಲಿ ಕೆಲವೇ ಕಣಗಳಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಕಣ್ಣಿಗೆ ಕಾಣದ ಜೀವಿಯನ್ನು ಹೀಗೆ ಅದು ಬಿಟ್ಟ ವಸ್ತುವಿನಿಂದ ಪತ್ತೆ ಹಚ್ಚುವ ಕ್ರಮವನ್ನೇ ಅನ್ಯಗ್ರಹದಲ್ಲಿಯೂ ಅನುಸರಿಸಲಾಗುತ್ತದೆ.

ಅಂತಹ ಮೊದಲ ಪ್ರಯತ್ನ ನಡೆದದ್ದು 1976ರಲ್ಲಿ, ನಾಸಾದ ಎರಡು ವೈಕಿಂಗ್ ನೌಕೆಗಳು ಮಂಗಳನ ಮೇಲೆ ಇಳಿದಾಗ. ಗಿಲ್ಬರ್ಟ್ ಲೆವಿನ್ ರೂಪಿಸಿದ ಪ್ರಯೋಗ ಸರಳವಾಗಿತ್ತು: ಚಿಟಿಕೆ ಮಣ್ಣಿಗೆ ಪೌಷ್ಟಿಕ ದ್ರವದ ಒಂದು ಹನಿ ಹಾಕುವುದು, ಆ ದ್ರವದ ಇಂಗಾಲ ವಿಕಿರಣ ಸೂಸುವ ಬಗೆಯದಾದ್ದರಿಂದ, ಮಣ್ಣಿನಲ್ಲಿ ಯಾವುದಾದರೂ ಜೀವಿ ಅದನ್ನು ತಿಂದು ಅನಿಲವಾಗಿ ಹೊರಬಿಟ್ಟರೆ ಮೇಲಿನ ಗಾಳಿಯಲ್ಲಿ ವಿಕಿರಣದ ಅಳತೆ ಏರಬೇಕು. ಅಳತೆ ಏರಿತು. ಮಣ್ಣನ್ನು 160 ಡಿಗ್ರಿಗೆ ಮೂರು ತಾಸು ಕಾಯಿಸಿ ಮತ್ತೆ ಪರೀಕ್ಷಿಸಿದಾಗ, ಜೀವಿಗಳು ಸತ್ತರೆ ಹೇಗೆ ಆಗಬೇಕೋ ಹಾಗೆಯೇ, ಏರಿಕೆ ನಿಂತುಹೋಯಿತು. ಇದೇ ಪ್ರಯೋಗಕ್ಕೆ ಶಿರಗುಪ್ಪಿಯ ಎರೆಮಣ್ಣನ್ನು ಹಾಕಿದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಫಲವತ್ತಾದ ಹೊಲದ ಒಂದು ಗ್ರಾಂ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನು ಕೋಟಿಗಳಲ್ಲಿಯೇ ಎಣಿಸಬೇಕು. ಮೊದಲ ಹನಿಗೆ ಅನಿಲ ಬರುತ್ತದೆ, ಎರಡನೆಯ ಹನಿಗೆ, ತಿಂದು ಬೆಳೆದ ಜೀವಿಗಳು ಹೆಚ್ಚಾಗಿರುವುದರಿಂದ, ಮತ್ತಷ್ಟು ಬರುತ್ತದೆ. ಮಂಗಳನ ಮಣ್ಣು ನಡೆದುಕೊಂಡದ್ದು ಹೀಗಲ್ಲ. ಎರಡನೆಯ ಹನಿಗೆ ಹೊಸ ಅನಿಲ ಹೊರಡುವುದಿರಲಿ, ಮೊದಲು ಬಂದ ಅನಿಲದಲ್ಲಿಯೇ ಒಂದಷ್ಟನ್ನು ಮಣ್ಣು ಹೀರಿಕೊಂಡಿತು. ಅದೇ ನೌಕೆಯ ಇನ್ನೊಂದು ಉಪಕರಣ ಮಣ್ಣನ್ನು 500 ಡಿಗ್ರಿಯವರೆಗೆ ಕಾಯಿಸಿ ನೋಡಿದಾಗ ಸಾವಯವ ಅಣುಗಳು ಸಿಗಲಿಲ್ಲ. ಸಿಕ್ಕ ಅಲ್ಪಸ್ವಲ್ಪ ಕ್ಲೋರಿನ್‌ಯುಕ್ತ ಸಂಯುಕ್ತಗಳನ್ನು, ಭೂಮಿಯಲ್ಲಿ ಉಪಕರಣ ತೊಳೆಯಲು ಬಳಸಿದ ದ್ರಾವಣದ ಉಳಿಕೆ ಎಂದು ಬದಿಗಿಡಲಾಯಿತು. ತಿನ್ನುವವರ ದೇಹವೇ ಇಲ್ಲದ ಮೇಲೆ ತಿಂದವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ, ಬಹುಪಾಲು ವಿಜ್ಞಾನಿಗಳು ಇದು ಕೇವಲ ರಾಸಾಯನಿಕ ಕ್ರಿಯೆ ಎಂದು ತೀರ್ಮಾನಿಸಿದರು. ಲೆವಿನ್ ಮಾತ್ರ 2021ರಲ್ಲಿ ತೀರಿಕೊಳ್ಳುವವರೆಗೂ ತಾವು ಕಂಡದ್ದು ಜೀವವೇ ಎಂಬ ಪಟ್ಟು ಬಿಡಲಿಲ್ಲ.

ಈ ಕಥೆಗೆ ಒಂದು ತಿರುವು ಬಂದದ್ದು 2008ರಲ್ಲಿ. ಮಂಗಳನ ಉತ್ತರ ಧ್ರುವದ ಕಡೆ ಇಳಿದ ಫೀನಿಕ್ಸ್ ನೌಕೆಗೆ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣ ದೊರೆಯಿತು. ಪಟಾಕಿಯ ಮದ್ದಿನಲ್ಲಿ ಬಳಸುವ ಈ ಬಗೆಯ ಲವಣ ಕಾದರೆ ಆಮ್ಲಜನಕ ಬಿಟ್ಟು ಪಕ್ಕದಲ್ಲಿದ್ದುದನ್ನು ಸುಡುತ್ತದೆ. ಹಾಗಿದ್ದರೆ ವೈಕಿಂಗ್‌ನ ಒಲೆ ತಾನು ಹುಡುಕುತ್ತಿದ್ದ ಸಾವಯವ ಅಣುಗಳನ್ನು ತಾನೇ ಸುಟ್ಟಿರಬಹುದು, ಕೊಳೆಯೆಂದು ಬದಿಗಿಟ್ಟ ಕ್ಲೋರಿನ್‌ಯುಕ್ತ ಸಂಯುಕ್ತಗಳೇ ಆ ಸುಟ್ಟ ಬೂದಿಯಾಗಿರಬಹುದು. ಮುಂದೆ ಕ್ಯೂರಿಯಾಸಿಟಿ ಸುಮಾರು 350 ಕೋಟಿ ವರ್ಷ ಹಳೆಯ ಕೆಸರುಗಲ್ಲಿನಲ್ಲಿ ಸಾವಯವ ಅಣುಗಳನ್ನು ಖಚಿತವಾಗಿ ಕಂಡಿತು. ಇಷ್ಟರಿಂದಲೇ ಜೀವ ಸಿಕ್ಕಿತೆನ್ನಲಾಗದು, ಏಕೆಂದರೆ ಉಲ್ಕೆಗಳೂ ಇಂತಹ ಅಣುಗಳನ್ನು ಹೊತ್ತು ತರುತ್ತವೆ. ಆದರೂ ಮೂವತ್ತು ವರ್ಷಗಳ ಕಾಲ ಬಹುಪಾಲು ವಿಜ್ಞಾನಿಗಳು ನಂಬಿದ್ದ ‘ಇಲ್ಲ’ ಎಂಬ ಉತ್ತರವೂ ಅವಸರದ್ದೇ ಆಗಿತ್ತು.

ಮಂಗಳನ ಗಾಳಿಯಲ್ಲಿ ಮೀಥೇನ್ ಹುಡುಕುವ ಯತ್ನದಲ್ಲಿ ಕರ್ನಾಟಕಕ್ಕೂ ಪಾಲಿದೆ. ದನಗಳ ಹೊಟ್ಟೆಯಲ್ಲಿ, ನೀರು ನಿಂತ ಗದ್ದೆಯಲ್ಲಿ ಸೂಕ್ಷ್ಮಜೀವಿಗಳು ಉಂಟುಮಾಡುವ ಈ ಅನಿಲವನ್ನು ಅಳೆಯಲು, 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ಇಸ್ರೋದ ಮಂಗಳಯಾನದಲ್ಲಿ ಒಂದು ಸಂವೇದಕವಿತ್ತು. ನೌಕೆಯ ನಿಯಂತ್ರಣ ನಡೆದದ್ದು ಬೆಂಗಳೂರಿನಿಂದ, ಅದರ ಕ್ಷೀಣ ಸಂಕೇತಗಳನ್ನು ಹಿಡಿದದ್ದು ಅಲ್ಲಿಗೆ ಸಮೀಪದ ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾ. ಆ ಸಂವೇದಕ ಮೀಥೇನಿನ ಖಚಿತ ಅಳತೆ ಕೊಡಲಿಲ್ಲ. ಅದರ ದತ್ತಾಂಶ ಮಂಗಳನ ನೆಲ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬ ನಕ್ಷೆಗೆ ಬಳಕೆಯಾಯಿತು. ಇತರರ ಅಳತೆಗಳಾದರೂ ಒಂದಕ್ಕೊಂದು ಹೊಂದುವುದಿಲ್ಲ: ಗೇಲ್ ಕುಳಿಯ ನೆಲಮಟ್ಟದಲ್ಲಿ ಕ್ಯೂರಿಯಾಸಿಟಿಗೆ ಆಗಾಗ ಸಿಗುವ ಮೀಥೇನ್, ಮೇಲೆ ಸುತ್ತುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್‌ಗೆ ಸಿಗುತ್ತಿಲ್ಲ. ಇದಕ್ಕೂ ಮೊದಲು, 2005ರಲ್ಲಿ ಹೈದರಾಬಾದಿನಿಂದ 20ರಿಂದ 41 ಕಿಲೋಮೀಟರ್ ಎತ್ತರಕ್ಕೆ ಬಲೂನು ಹಾರಿಸಿ ಅಲ್ಲಿನ ಗಾಳಿಯನ್ನು ಹಿಡಿದು ತಂದ ಪ್ರಯೋಗದಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಪ್ರಭೇದಗಳು ದೊರೆತಿದ್ದವು. ಖಗೋಳವಿಜ್ಞಾನಿ ಜಯಂತ ನಾರಳೀಕರ್ ಅದರ ಮುಖ್ಯ ಸಂಶೋಧಕರು. ಉಡುಪಿ ಜಿಲ್ಲೆಯ ಅದಮಾರಿನ ಯು. ಆರ್. ರಾವ್ ಮಾರ್ಗದರ್ಶಕರಲ್ಲಿ ಒಬ್ಬರು. ಒಂದು ಪ್ರಭೇದಕ್ಕೆ ಬ್ಯಾಸಿಲಸ್ ಇಸ್ರೋನೆನ್ಸಿಸ್ ಎಂದೇ ಹೆಸರಿಟ್ಟರೂ, ಅವು ಹೊರಲೋಕದಿಂದ ಬಂದವೆಂದು ಸಾಬೀತಾಗಿಲ್ಲವೆಂಬುದನ್ನು 2009ರ ಇಸ್ರೋ ಪ್ರಕಟಣೆಯೇ ಸ್ಪಷ್ಟವಾಗಿ ಹೇಳಿತ್ತು. ಮೆಚ್ಚಬೇಕಾದದ್ದು ಈ ಎಚ್ಚರವನ್ನು.

ಸ್ವಂತ ನೆಲದ ಕಲ್ಲುಗಳನ್ನು ಓದುವುದೂ ಸುಲಭವಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಧಾರವಾಡದ ಹೆಸರಿಟ್ಟು ಗುರುತಿಸಿದ ಶಿಲಾಸಮೂಹದಲ್ಲಿ, ಚಿತ್ರದುರ್ಗ ಶಿವಮೊಗ್ಗ ಸೀಮೆಗಳಲ್ಲಿ, 250 ಕೋಟಿ ವರ್ಷಗಳಿಗೂ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಪೊರೆಗೆ ಮಣ್ಣು ಅಂಟಿ, ಅದರ ಮೇಲೆ ಮತ್ತೆ ಪೊರೆ ಬೆಳೆದು, ಪದರ ಪದರವಾಗಿ ಏರಿದ ಗುಬುಟುಗಳವು. ಆದರೆ ಪದರವಾಗಿ ಮಡಿಸಿದ ಕಲ್ಲೆಲ್ಲವೂ ಜೀವಿಯ ಕೆಲಸವಲ್ಲ. 2016ರಲ್ಲಿ ಗ್ರೀನ್‌ಲ್ಯಾಂಡಿನ 370 ಕೋಟಿ ವರ್ಷದ ಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿದುವೆಂದು ಒಂದು ತಂಡ ಸಾರಿದರೆ, ಎರಡು ವರ್ಷಗಳಲ್ಲಿ ಅಬಿಗೇಲ್ ಆಲ್‌ವುಡ್ ಮತ್ತು ಸಂಗಡಿಗರು ಅದೇ ಕಲ್ಲನ್ನು ಬೇರೆ ಮಗ್ಗುಲಿನಿಂದ ಪರೀಕ್ಷಿಸಿ, ಅದು ನೆಲದ ಒತ್ತಡಕ್ಕೆ ಸುಕ್ಕುಗಟ್ಟಿದ ಕಲ್ಲು ಎಂದು ವಾದಿಸಿದರು. ಇದೇ ಆಲ್‌ವುಡ್ ರೂಪಿಸಿದ ಎಕ್ಸ್-ಕಿರಣ ಉಪಕರಣ ಈಗ ಮಂಗಳನಲ್ಲಿ ಪರ್ಸಿವಿಯರೆನ್ಸ್ ರೋವರಿನ ತೋಳಿನ ತುದಿಯಲ್ಲಿದೆ.

2024ರ ಜುಲೈನಲ್ಲಿ ಆ ರೋವರ್ ಜೆಝೆರೊ ಕುಳಿಗೆ ನೀರು ತಂದಿದ್ದ ಹಳೆಯ ನದಿಪಾತ್ರದಲ್ಲಿ ಚೆಯಾವಾ ಫಾಲ್ಸ್ ಎಂದು ಹೆಸರಿಟ್ಟ ಕಲ್ಲೊಂದನ್ನು ಕಂಡಿತು. ಕೆಂಪಗಿನ ಆ ಕೆಸರುಗಲ್ಲಿನ ಮೇಲೆ ಚಿರತೆಯ ಮೈಮೇಲಿನಂತಹ ಮಚ್ಚೆಗಳಿದ್ದು, ಅವುಗಳಲ್ಲಿ ಕಬ್ಬಿಣ ರಂಜಕಗಳ ವಿವಿಯನೈಟ್ ಮತ್ತು ಕಬ್ಬಿಣ ಗಂಧಕಗಳ ಗ್ರೈಗೈಟ್ ಎಂಬ ಖನಿಜಗಳು ಇರುವಂತಿದೆ ಎಂದು 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಇದರ ಮಹತ್ವ ತಿಳಿಯಲು ಊರ ಕೆರೆಯ ಹೂಳನ್ನು ನೆನೆಯಬಹುದು. ಹೊಲಕ್ಕೆ ಹೇರಲೆಂದು ಆಳದಿಂದ ತೆಗೆದ ಹಸಿ ಹೂಳು ಕಾಡಿಗೆಯಂತೆ ಕಪ್ಪಗಿದ್ದು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಬಿಸಿಲಿಗೆ ಹರವಿದರೆ ಕೆಲವೇ ದಿನಗಳಲ್ಲಿ ಕಪ್ಪು ಕಳೆದು ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಆಮ್ಲಜನಕ ಸಿಗದ ಬ್ಯಾಕ್ಟೀರಿಯಾಗಳು ಅದಕ್ಕೆ ಬದಲಾಗಿ ಕಬ್ಬಿಣವನ್ನೂ ಗಂಧಕದ ಲವಣವನ್ನೂ ‘ಉಸಿರಾಡಿ’ ಕಬ್ಬಿಣದ ಸಲ್ಫೈಡನ್ನು ಉಳಿಸಿಹೋಗುವುದರ ಬಣ್ಣ ಅದು; ನಾತ, ಅದೇ ‘ಉಸಿರಾಟ’ದಲ್ಲಿ ಹೊರಡುವ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಮಂಗಳನ ಮಚ್ಚೆಗಳ ಖನಿಜಗಳೂ ಇದೇ ಬಳಗದವು. ಆದರೆ ಜೀವಿಯ ನೆರವಿಲ್ಲದೆಯೂ, ಸಾಕಷ್ಟು ಬಿಸಿ ಸಿಕ್ಕರೆ, ಇವು ಉಂಟಾಗಬಲ್ಲವು. ಆ ಕಲ್ಲು ಅಷ್ಟು ಕಾದಂತೆ ಕಾಣುವುದಿಲ್ಲ ಎಂಬುದಷ್ಟೇ ಸದ್ಯಕ್ಕೆ ಜೀವದ ಪರವಾಗಿರುವ ವಾದ.

ವಾದ ತೀರಿಸಬಲ್ಲ ಪರೀಕ್ಷೆಯೊಂದಿದೆ. ಗಂಧಕದ ಪರಮಾಣುಗಳಲ್ಲಿ ತೂಕ ಕಡಿಮೆಯಿರುವವೂ ಹೆಚ್ಚಿರುವವೂ ಇರುತ್ತವೆ. ಬ್ಯಾಕ್ಟೀರಿಯಾಗಳು ಹಗುರವಾದವನ್ನೇ ಹೆಚ್ಚಾಗಿ ಆರಿಸಿಕೊಳ್ಳುವುದರಿಂದ ಅವು ಬಿಟ್ಟುಹೋದ ಖನಿಜದಲ್ಲಿ ಹಗುರ ಗಂಧಕದ ಪಾಲು ಏರಿರುತ್ತದೆ. ಅಷ್ಟು ನಾಜೂಕಾದ ತೂಕ ನೋಡುವ ಯಂತ್ರಗಳು ರೋವರಿನ ಮೇಲಿಲ್ಲ, ಭೂಮಿಯ ಪ್ರಯೋಗಶಾಲೆಗಳಲ್ಲಿವೆ. ಕಲ್ಲಿನಿಂದ ಕೊರೆದು ತೆಗೆದ, ಸೀಮೆಸುಣ್ಣದ ಕಡ್ಡಿಯಷ್ಟು ದಪ್ಪದ ತುಣುಕು ಮಾತ್ರ ಬಿಗಿಯಾಗಿ ಮುಚ್ಚಿದ ಲೋಹದ ನಳಿಗೆಯೊಂದರಲ್ಲಿ ಮಂಗಳನಲ್ಲಿಯೇ ಉಳಿದಿದೆ.