ಗೋಧಿ ಒಗ್ಗದವರ ಪ್ರಯಾಣ

ಮರ್ಫಿ ಟೌನಿನ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಅನ್ನ, ರಾಗಿ ಉಣ್ಣುವವರು. ಆದುದರಿಂದ ಗೋಧಿಯಿಂದಲೇ ಉಲ್ಬಣಿಸುವ ವ್ಯಾಧಿಯೊಂದು ನಮ್ಮೆದುರು ಬಂದು ಕುಳಿತಾಗ ಅದನ್ನು ಗುರುತಿಸುವಲ್ಲಿ ನಾವು ತಡಮಾಡಿದೆವು. ರೋಗಿ ಹತ್ತೊಂಬತ್ತು ವರ್ಷದ ಯುವತಿ. ತಾಯಿ ಬಾಗಲಕೋಟೆ ಸೀಮೆಯವರು; ಬೆಂಗಳೂರಿಗೆ ಬಂದ ಮೇಲೆ ಜೋಳದ ರೊಟ್ಟಿ ಹಿಂದೆ ಸರಿದು ಮನೆಯಲ್ಲಿ ನಿತ್ಯವೂ ಚಪಾತಿ. ಮಗಳಿಗೆ ಅತಿಸಾರ, ಹೊಟ್ಟೆಯುಬ್ಬರ, ಕೃಶತೆ, ರಕ್ತಹೀನತೆ. ನಾವು ಗ್ರಹಣಿಯೆಂದು ನಿರ್ಣಯಿಸಿ, ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯವನ್ನು ಅನುಸರಿಸಿ ಮಜ್ಜಿಗೆ, ದೀಪನ-ಪಾಚನ ಔಷಧಗಳನ್ನು ನಾಲ್ಕು ತಿಂಗಳು ನೀಡಿದೆವು. ರಕ್ತ ಏರಲಿಲ್ಲ. ಆಗ ಜೀರ್ಣಾಂಗ ತಜ್ಞರಲ್ಲಿಗೆ ಕಳುಹಿಸಿದೆವು. ರಕ್ತಪರೀಕ್ಷೆಯೂ ಸಣ್ಣ ಕರುಳಿನ ತುಣುಕಿನ ಪರೀಕ್ಷೆಯೂ ಒಂದೇ ಮಾತು ಹೇಳಿದವು: ಸೀಲಿಯಾಕ್ ರೋಗ.

ಗೋಧಿ ಹಿಟ್ಟನ್ನು ನಾದಿದಾಗ ಎಳೆದಷ್ಟೂ ಬರುವ ಜಿಗುಟಿಗೆ ಕಾರಣ ಗ್ಲುಟನ್ ಎಂಬ ಸಸಾರಜನಕ. ಜವೆಗೋಧಿಯಲ್ಲಿಯೂ ರೈ ಧಾನ್ಯದಲ್ಲಿಯೂ ಇದರ ಬಂಧುಗಳಿವೆ. ಈ ರೋಗವುಳ್ಳವರ ದೇಹವು ಗ್ಲುಟನ್ನಿಗೆ ಪ್ರತಿಯಾಗಿ ತನ್ನ ಕರುಳಿನ ಒಳಪದರವನ್ನೇ ಹಾನಿಗೊಳಿಸುತ್ತದೆ. ಆಹಾರವನ್ನು ಹೀರಿಕೊಳ್ಳುವ ಸೂಕ್ಷ್ಮ ಕುಚ್ಚುಗಳು ಸವೆದುಹೋಗುತ್ತವೆ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1940ರ ದಶಕದಲ್ಲಿ ಗೋಧಿಯ ಪಾತ್ರವನ್ನು ಕಂಡುಕೊಂಡು 1950ರ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ನಮ್ಮ ಶಾಸ್ತ್ರವು ಗೋಧಿಯನ್ನು ಬೃಂಹಣ, ಜೀವನೀಯ ಎಂದು ಹೊಗಳಿದೆ; ಬಹುಜನರಿಗೆ ಅದು ನಿಜವೂ ಹೌದು. ಆದರೆ ಈ ಮಗುವಿಗೆ ಅದು ವಿಷ. ಇದನ್ನು ಗುಣಪಡಿಸುವ ಚೂರ್ಣವಾಗಲಿ ಲೇಹ್ಯವಾಗಲಿ ನಮ್ಮಲ್ಲಿಲ್ಲ. ಜೀವನಪರ್ಯಂತ ಪಥ್ಯವೊಂದೇ ದಾರಿ. ಸಂಶಯವಿದ್ದವರು ಪರೀಕ್ಷೆಗೆ ಮುನ್ನವೇ ಗೋಧಿ ಬಿಡಬಾರದು. ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಮರೆಯಾಗಬಹುದು.

ಗೋಧಿ ಬಿಟ್ಟ ಎರಡು ತಿಂಗಳಲ್ಲಿ ಆಕೆ ಚೇತರಿಸಿಕೊಂಡಳು. ಅನಂತರ ಮತ್ತೆ ಅದೇ ಹೊಟ್ಟೆಯುಬ್ಬರ. ಮನೆಯವರನ್ನು ಕೊಂಚ ಗದರಿಸಿಯೇ ವಿಚಾರಿಸಿದೆವು. ಅವರಲ್ಲಿ ತಪ್ಪಿರಲಿಲ್ಲ, ನಮ್ಮಲ್ಲಿತ್ತು. ಅಗ್ನಿಮಾಂದ್ಯಕ್ಕೆಂದು ನಾವು ಕೊಟ್ಟಿದ್ದ ಹಿಂಗ್ವಷ್ಟಕ ಚೂರ್ಣಕ್ಕೆ ಅಂಗಡಿಯ ಇಂಗನ್ನು ಬಳಸಿದ್ದೆವು. ಶುದ್ಧ ಇಂಗು ಗಿಡದ ಅಂಟು. ಅಂಗಡಿಯಲ್ಲಿ ಡಬ್ಬಿಗಳಲ್ಲಿ ದೊರೆಯುವ ಕೂಟು ಇಂಗಿಗೆ ಹಲವೊಮ್ಮೆ ಮೈದಾ ಬೆರೆತಿರುತ್ತದೆ. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅದನ್ನು ಅಚ್ಚು ಹಾಕಿಯೂ ಇದ್ದರು. ನಲವತ್ತು ವರ್ಷ ಇಂಗನ್ನು ಬಳಸಿದ ನಾವು ಒಮ್ಮೆಯೂ ಅದನ್ನು ಓದಿರಲಿಲ್ಲ.

ಆ ವರ್ಷ ತಾಯಿಯ ತವರೂರಿನ ಜಾತ್ರೆ ಬಂದಿತು. ಅಲ್ಲಿಂದ ಕೂಡಲಸಂಗಮಕ್ಕೂ ಹೋಗುವ ಸಂಕಲ್ಪ. ಆ ಸೀಮೆಯ ದಾಸೋಹದಲ್ಲಿ ಗೋಧಿ ಹುಗ್ಗಿಗೆ ಇರುವ ಸ್ಥಾನವನ್ನು ಓದುಗರಿಗೆ ಹೇಳಬೇಕಿಲ್ಲ. ತಾಯಿ ನಮ್ಮ ಬಳಿ ಬಂದು, “ಹುಗ್ಗಿ ಒಲ್ಲೆ ಅಂದ್ರ ಪ್ರಸಾದ ನೂಕಿದಂಗ ಆಗೂದಿಲ್ಲೇನ್ರೀ ಡಾಕ್ಟರೇ?” ಎಂದು ಕೇಳಿದರು. ಒಂದು ಚಮಚ ಬಾಯಿಗಿಟ್ಟರೆ ಏನಾದೀತು ಎಂಬ ಆಸೆಯೂ ಆ ಪ್ರಶ್ನೆಯಲ್ಲಿತ್ತು. ಒಂದು ಚಮಚವೂ ಕೂಡದೆಂದೆವು. ಗ್ಲುಟನ್ ರಹಿತವೆಂದು ಬರೆದುಕೊಳ್ಳುವ ಪದಾರ್ಥದಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಇರಬಾರದೆಂಬುದು ನಮ್ಮ ದೇಶದ ನಿಯಮ. ಆ ಅಳತೆಗೆ ಚಮಚ ಹುಗ್ಗಿ ಬೆಟ್ಟದಷ್ಟು. ಅನ್ನವೂ ಪ್ರಸಾದವೇ, ಹುಗ್ಗಿಯ ಸೌಟು ತಾಗದ ಅನ್ನವನ್ನು ಮೊದಲ ಪಂಕ್ತಿಯಲ್ಲಿ ಬಡಿಸಿಸಿಕೊಳ್ಳಿ, ದಾಸೋಹದ ಹಿರಿಯರಿಗೆ ಮುಂಚಿತವಾಗಿ ತಿಳಿಸಿ ಎಂದೆವು. ಅವರು ಕೇಳಿದೊಡನೆ ಒಪ್ಪಿದರಂತೆ. ತೊಂದರೆಯಾದದ್ದು ನಾವು ನಿರ್ಭಯವೆಂದುಕೊಂಡಿದ್ದ ಜೋಳದ ರೊಟ್ಟಿಯಿಂದ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿದರೆ ಕಲ್ಲಿನಲ್ಲಿ ಉಳಿದ ಹಿಟ್ಟು ಅದರೊಂದಿಗೆ ಬರುತ್ತದೆ. ಖಾನಾವಳಿಯಲ್ಲಿ ಚಪಾತಿ ಬೇಯಿಸಿದ ಹೆಂಚಿನ ಮೇಲೆಯೇ ರೊಟ್ಟಿ ಹಾಕುತ್ತಾರೆ. ಎರಡು ದಿನ ಆಕೆ ಸಂಕಟಪಟ್ಟಳು. ಅಂದಿನಿಂದ ಪ್ರಯಾಣವೆಂದರೆ ಮನೆಯಲ್ಲಿ ಬೀಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ಜೊತೆಗೇ ಹೋಗುತ್ತವೆ. ರವೆ ಇಡ್ಲಿ, ಉಪ್ಪಿಟ್ಟು, ಶಾವಿಗೆಯ ವಿಷಯ ಸ್ಪಷ್ಟ. ಹೋಟೆಲಿನ ಸಾಂಬಾರು ಇಂಗಿನ ದೆಸೆಯಿಂದ ಸಂದೇಹಾಸ್ಪದ.

ಕಳೆದ ವರ್ಷ ಆಕೆಯನ್ನು ಉದ್ಯೋಗ ನಿಮಿತ್ತ ಜಪಾನಿಗೆ ಕಳುಹಿಸಿದರು. ಫ್ಯೂಜಿ ಪರ್ವತದ ಬುಡದ ಕವಾಗುಚಿ ಸರೋವರದ ಊರಿನಲ್ಲಿ ಒಂದು ವಾರ. ಅನ್ನದ ದೇಶ, ಚಿಂತೆಯಿಲ್ಲ ಎಂದು ಮನೆಯವರು ಹಿಗ್ಗಿದರು. ಇಂಗಿನ ಪಾಠ ಕಲಿತಿದ್ದ ನಾವು ಹಿಗ್ಗಲಿಲ್ಲ. ಅಲ್ಲಿ ಇಂಗಿನ ಜಾಗದಲ್ಲಿ ಇರುವುದು ಸೋಯಾ ಸಾಸ್. ಸೋಯಾ ಅವರೆಯೊಡನೆ ಗೋಧಿಯನ್ನೂ ಹುದುಗಿಸಿ ಅದನ್ನು ಮಾಡುತ್ತಾರೆ, ಬಹುತೇಕ ಎಲ್ಲ ಅಡುಗೆಗೂ ಹಾಕುತ್ತಾರೆ. ಆ ಯಮನಾಶಿ ಸೀಮೆಯ ಹೆಸರಾಂತ ಹೋತೋ ಎಂಬುದು ಗೋಧಿ ಹಿಟ್ಟಿನ ಅಗಲ ಶಾವಿಗೆ. ಸೋಬಾ ಎಂದರೆ ಹುರುಳಿಗೋಧಿ. ಹೆಸರಿನಲ್ಲಿ ಗೋಧಿಯಿದ್ದರೂ ಅದು ಗೋಧಿಯಲ್ಲ, ಆದರೆ ಅದರ ಶಾವಿಗೆಗೆ ಹಲವರು ಗೋಧಿ ಹಿಟ್ಟು ಬೆರೆಸುತ್ತಾರೆ. ಅಲ್ಲಿನ ಪೊಟ್ಟಣಗಳ ಮೇಲೆ ಗೋಧಿಯಿದ್ದರೆ ತಿಳಿಸುವುದು ಕಡ್ಡಾಯ, ಜವೆಗೋಧಿಗೆ ಆ ಕಡ್ಡಾಯವಿಲ್ಲ. ನೀರಿನಂತೆ ಕುಡಿಯಲು ಕೊಡುವ ಮುಗಿಚಾ ಹುರಿದ ಜವೆಗೋಧಿಯ ಕಷಾಯ.

ಕೊಮುಗಿ ಎಂದರೆ ಗೋಧಿ, ಓಮುಗಿ ಎಂದರೆ ಜವೆಗೋಧಿ. ಎರಡನ್ನೂ ಸೋಯಾ ಸಾಸನ್ನೂ ತಿನ್ನಲಾರೆನೆಂದು ಜಪಾನಿ ಲಿಪಿಯಲ್ಲಿ ಬರೆಸಿದ ಚೀಟಿಯನ್ನು ಆಕೆ ಪ್ರತಿ ಊಟಕ್ಕೂ ತೋರಿಸಿದಳು. ಉಪ್ಪು ಮಾತ್ರ ಹಾಕಿದ ಅನ್ನದ ಉಂಡೆ, ಬೇಯಿಸಿದ ಗೆಣಸು, ಹಣ್ಣು, ಊರಿನಿಂದ ಒಯ್ದ ರೊಟ್ಟಿ, ಇಷ್ಟರಲ್ಲಿಯೇ ವಾರ ಕಳೆಯಿತು. ರುಚಿ ನೋಡದೆ ಬಂದೆನಲ್ಲಾ ಎಂಬ ಕೊರಗು ಇತ್ತು. ಹೊಟ್ಟೆ ಮಾತ್ರ ಕೆಡಲಿಲ್ಲ.

ಈ ವರ್ಷದ ಜಾತ್ರೆಗೆ ತಾಯಿ ತಮ್ಮ ಸೇವೆಯಾಗಿ ಒಂದು ಹಂಡೆ ನವಣೆ ಹುಗ್ಗಿ ಮಾಡಿಸುವವರಿದ್ದಾರೆ. ಸೌಟು ಬೇರೆಯೇ ಇರಲೆಂದು ಹೊಸದೊಂದನ್ನು ಕೊಂಡು ತಂದು ನಮಗೂ ತೋರಿಸಿ ಹೋದರು.